ಕಾಣದ ಬ್ರೌಸರ್

"ಮತ್ತೆ ಭರ್ತಿ! ಕಣ್ಣು ಮಿಟುಕಿಸೋದ್ರೊಳಗೆ ಭರ್ತಿ!" ಅಕ್ಕ ಫೋನನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದಳು.

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಹೊಲಿಗೆಯಿಂದಲೇ ಬದುಕುವ ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದೂ ಆಗದಂತಾಗಿತ್ತು. ತಡ ಮಾಡಿದರೆ ಕಣ್ಣೇ ಹೋಗುತ್ತದೆ ಎಂದು ಕನ್ನಡಕದಂಗಡಿಯವನು ಹೆದರಿಸಿದ್ದ. ಊರಿಗೆಲ್ಲ ಒಬ್ಬರೇ ಕಣ್ಣಿನ ಡಾಕ್ಟರು. ಅವರನ್ನು ನೋಡಬೇಕಾದರೆ ಆ ದಿನ ಬೆಳಿಗ್ಗೆಯೇ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಸಮಯ ಕಾಯ್ದಿರಿಸಬೇಕು.

"ದಲ್ಲಾಳಿಗಳ ಕೈವಾಡ ಕಣಕ್ಕಾ. ಆಸ್ಪತ್ರೆ ಕೌಂಟರಿನವಳು ಒಳಗೊಳಗೇ ಮಾರ್ಕೊಳ್ತಿದಾಳೆ."

"ನಿಮ್ಮ ಆಫೀಸಿನೋರೇ ಮಾಡಿದ ವೆಬ್‌ಸೈಟ್ ತಾನೇ? ಸ್ವಲ್ಪ ನೋಡೇ."

"ಅದು ಸರಿಯಾಗೇ ಇದೆ. ದಿನಾ ನಾನೇ ಪರೀಕ್ಷೆ ಮಾಡಿಸ್ತೀನಲ್ಲ!"

ಸುಳ್ಳೇನಲ್ಲ. ತಂಗಿ ಆಫೀಸಿನಲ್ಲಿ ವೆಬ್‌ಸೈಟುಗಳನ್ನು ಪರೀಕ್ಷಿಸುವ ಟೆಸ್ಟರ್. ಅವಳು ಬರೆದಿಟ್ಟ ಪ್ರೋಗ್ರಾಮು ದಿನಾ ಬೆಳಿಗ್ಗೆ ತಾನಾಗಿ ಎದ್ದು, ಪರದೆಯ ಮೇಲೆ ಏನನ್ನೂ ತೋರಿಸದ ಬ್ರೌಸರೊಂದನ್ನು ಓಡಿಸುತ್ತಿತ್ತು. ಅದು ಅಭ್ಯಾಸಕ್ಕೆಂದೇ ಮಾಡಿಟ್ಟ ನಕಲು ವೆಬ್‌ಸೈಟಿಗೆ ಹೋಗಿ, ಇಲ್ಲದ ರೋಗಿಗಳಿಗೆ ಸಮಯ ಕಾಯ್ದಿರಿಸುತ್ತಿತ್ತು. ಅವಳಿಗೆ ಕಾಣುತ್ತಿದ್ದದ್ದು ಕೊನೆಯ ಹಸಿರು ಗುರುತು ಮಾತ್ರ. ಒಂದು ದಿನವೂ ಅದು ಕೆಂಪಾಗಿರಲಿಲ್ಲ. ಅಕ್ಕನ ಕಣ್ಣು ಮಂಜಾದ ಹೊಸತರಲ್ಲಿ ಅದೇ ಬ್ರೌಸರನ್ನು ಆಸ್ಪತ್ರೆಯ ಅಸಲಿ ವೆಬ್ ವಿಳಾಸಕ್ಕೆ ಕಳಿಸಿ, ಸಮಯ ಖಾಲಿ ಇದೆಯೇ ಎಂದು ನೋಡಿದ್ದಳು. ಆಗ ಸಮಯ ಬೇಕಾದಷ್ಟಿತ್ತು. "ಈ ಯೂನಿಫಾರ್ಮ್ ಎಲ್ಲ ಹೊಲಿದು ಮುಗಿಸಿಬಿಡ್ತೀನಿ ತಾಳೇ" ಎಂದು ಅಕ್ಕನೇ ಮುಂದೂಡಿದ್ದಳು. ಆಮೇಲೆ ಬರೀ ಭರ್ತಿ.

ತಂಗಿ ಅಕ್ಕನ ಕೈ ಹಿಡಿದು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಬೈಗುಳಗಳನ್ನು ಹೊಂದಿಸಿಕೊಂಡಳು. ಇವತ್ತು ಆ ಕೌಂಟರಿನವಳ ಗ್ರಹಚಾರ ಬಿಡಿಸದೆ ಬಿಡುವವಳಲ್ಲ! ಆಸ್ಪತ್ರೆಯ ಮೆಟ್ಟಿಲು ಕಾಣದೆ ಅಕ್ಕ ಮುಗ್ಗರಿಸಿದಳು.

ಕಣ್ಣಿನ ವಿಭಾಗದಲ್ಲಿ ಕುರ್ಚಿಗಳೆಲ್ಲ ಖಾಲಿ.

"ಭರ್ತಿ ಅಂತೀರಿ, ಇಲ್ಲಿ ನರಪಿಳ್ಳೆಯೂ ಇಲ್ವಲ್ರೀ! ಯಾರಿಗೆ ಮಾರಿದ್ರಿ?" ತಂಗಿ ಕೌಂಟರ್ ಬಡಿದಳು.

"ಮಾರೋದಾ? ಅಯ್ಯೋ, ದಿನಾ ಇದೇ ಗೋಳು! ಎಲ್ಲ ಸಮಯಾನೂ ಹಿಡಿದಿಡ್ತಾರೆ, ಬರೋರು ಒಬ್ಬರೂ ಇಲ್ಲ. ವೆಬ್‌ಸೈಟಿನೋರನ್ನ ಕೇಳಿದ್ರೆ 'ದಿನಾ ಪರೀಕ್ಷೆ ಆಗುತ್ತೆ, ಎಲ್ಲ ಸರಿ ಇದೆ' ಅಂತಾರೆ."

ಗಲಾಟೆ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಅಕ್ಕನನ್ನು ಒಳಗೆ ಕರೆದೊಯ್ದು ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

"ಎಡಗಣ್ಣು ಉಳಿಸೋಣ. ಬಲಗಣ್ಣು ಕಷ್ಟ ಕಣಮ್ಮಾ. ಹೋದ ತಿಂಗಳೇ ಬರಬೇಕಿತ್ತು."

ಹೊರಗೆ ಬಂದ ಅಕ್ಕ ಅಳಲಿಲ್ಲ, ಕೂಗಾಡಿದಳು. "ನನ್ನ ಸರದಿ ಕಿತ್ಕೊಂಡೋರ ಕೈ ಸೇದಿಹೋಗ! ಯಾರ್ರೀ ಅವರು? ಹೆಸರಾದ್ರೂ ಹೇಳಿ!"

ಕೌಂಟರಿನವಳು ಕಂಪ್ಯೂಟರ್ ನೋಡಿ ಓದಿದಳು. "ಮೂಲಂಗಪ್ಪ, ಬದನೇಕಾಯಮ್ಮ, ಗೆಡ್ಡೆಕೋಸಪ್ಪ... ಯಾರೋ ಕಿಡಿಗೇಡಿಗಳು."

ಇಲ್ಲದ ರೋಗಿಗಳಿಗೆ ಆ ಹೆಸರುಗಳನ್ನೆಲ್ಲ ನಗುತ್ತ ಕೂತು ಕಟ್ಟಿದವಳು ತಂಗಿಯೇ. ಅಕ್ಕನಿಗೆಂದು ಅಂದು ಬ್ರೌಸರಿಗೆ ಕೊಟ್ಟ ಅಸಲಿ ವಿಳಾಸವನ್ನು ಮತ್ತೆ ನಕಲಿಗೆ ಬದಲಿಸಲು ಅವಳು ಮರೆತೇಬಿಟ್ಟಿದ್ದಳು.