ಶುಕ್ರವಾರದ ಸಾಂಬ್ರಾಣಿ

ಪ್ರತಿ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಆ ಸೀರೆ ಅಂಗಡಿಯ ಫೈರ್ ಅಲಾರಂ ಕೂಗುತ್ತಿತ್ತು. ಮೂರನೇ ಮಹಡಿಯ ರೇಷ್ಮೆ ವಿಭಾಗದ ಪಕ್ಕದಲ್ಲೇ ಮಾಲೀಕರ ಕೋಣೆ, ಅಲ್ಲಿ ಲಕ್ಷ್ಮೀಪೂಜೆ. ಪುರೋಹಿತರು ಕೆಂಡಕ್ಕೆ ಸಾಂಬ್ರಾಣಿ ಹಾಕಿದರೆಂದರೆ ಹೊಗೆ ನೇರ ಸೂರಿಗೇರುತ್ತಿತ್ತು.

"ಸಾರ್, ಧೂಪ ಒಂದನ್ನ ಹೊರಗಡೆ ಹಾಕಿಸೋಣ," ಎಂದು ಸೆಕ್ಯುರಿಟಿಯವನು ಮೂರು ಸಲ ಕೇಳಿಕೊಂಡಿದ್ದ.

"ಲಕ್ಷ್ಮೀನ ಬಾಗಿಲಾಚೆ ನಿಲ್ಲಿಸು ಅಂತೀಯೇನಯ್ಯಾ? ಕೂಗಿದ್ರೆ ಆಫ್ ಮಾಡು. ನಿನ್ನ ಇಟ್ಕೊಂಡಿರೋದು ಮತ್ತೆ ಯಾತಕ್ಕೆ?"

ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದೇ ವಾರ. ಅಂಗಡಿ ತುಂಬ ಜನ. ಅಂದೂ ಹನ್ನೊಂದಕ್ಕೆ ಸರಿಯಾಗಿ ಕೂಗಿತು. ಕೆಳಗಿನ ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಗುಂಡಿ ಒತ್ತಿ ಸದ್ದಡಗಿಸಿ ಮೈಕ್ ಹಿಡಿದ. "ಯಾರೂ ಗಾಬರಿಯಾಗಬೇಡಿ. ಮೇಲೆ ಪೂಜೆ ನಡೀತಿದೆ, ಅದರ ಹೊಗೆ ಅಷ್ಟೆ."

ಮಗುವನ್ನು ಎದೆಗವಚಿಕೊಂಡ ಹೆಂಗಸೊಬ್ಬಳು ಮೆಟ್ಟಿಲಿಳಿದು ಓಡಿಬಂದಳು.

"ನಿಜವಾಗ್ಲೂ ಪೂಜೇನೇನಪ್ಪಾ?"

"ಹೌದಮ್ಮ, ವಾರವಾರ ಇದೇ ಗೋಳು. ಸೀರೆ ಆರಿಸಿದ್ರಾ?"

"ಅಲ್ಲೇ ಬಿಟ್ಟು ಬಂದೆ, ರೇಷ್ಮೆ ಹತ್ರ."

"ಹೋಗಿ ತಗೊಳ್ಳಿ. ಲಿಫ್ಟ್ ಖಾಲಿ ಇದೆ."

ಮಗುವಿನ ಕೆನ್ನೆ ತಟ್ಟಿ, ಮೂರನೇ ಮಹಡಿಯ ಗುಂಡಿಯನ್ನು ತಾನೇ ಒತ್ತಿ ಕಳಿಸಿದ. ಲಿಫ್ಟಿನ ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಎದುರಿಗೆ ಆಟೋ ಬಂದು ನಿಂತಿತು. ಪುರೋಹಿತರು ಏದುಸಿರು ಬಿಡುತ್ತ ಇಳಿದರು. ಕೈಯಲ್ಲಿ ಇನ್ನೂ ಬಿಚ್ಚದ ಸಾಂಬ್ರಾಣಿ ಪೊಟ್ಟಣ.

"ತಡ ಆಗ್ಹೋಯ್ತಪ್ಪ. ಸಾಹುಕಾರ್ರು ಮೇಲೆ ಕಾಯ್ತಿದಾರಾ?"