ಯಾರದೋ ಲಿವರ್

ಪ್ರಯೋಗಾಲಯದ ಬಾಗಿಲಲ್ಲೇ ಸಂದರ್ಶಕರ ಪುಸ್ತಕ ಮುಂದೊಡ್ಡಿದ್ದಕ್ಕೆ ನೀರು ಸರಬರಾಜಿನ ಎಂಜಿನಿಯರ್ ರೇಗಿದರು. ಕಣ್ಣೂ ಹಾಯಿಸದೆ, ಉದ್ದನೆಯ ಬಾಲವೆಳೆದು ಕೆಳಗೆ ಎರಡು ಚುಕ್ಕೆ ಕುಕ್ಕಿ ರುಜು ಮಾಡಿದರು. ದಿನಕ್ಕೆ ನೂರು ಕಾಗದ ಬರುವ ಕುರ್ಚಿ ಅವರದು. ಓದುತ್ತಾ ಕೂತರೆ ಊರಿಗೆ ನೀರು ಬಿಡುವವರು ಯಾರು?

ಸಂಶೋಧಕಿ ಕೂರಲೂ ಹೇಳದೆ ಸೂಕ್ಷ್ಮದರ್ಶಕ ತೋರಿಸಿದಳು. "ನೋಡಿ ಸರ್."

ಎಡಗಡೆಯ ತಟ್ಟೆಯಲ್ಲಿ ಮನುಷ್ಯನ ಲಿವರ್‌ನ ಜೀವಕೋಶಗಳು ಹಾಸುಗಲ್ಲಿನಂತೆ ಒತ್ತೊತ್ತಾಗಿ ಕೂತಿದ್ದವು. ಅದೇ ಜೀವಕೋಶಗಳಿದ್ದ ಬಲಗಡೆಯ ತಟ್ಟೆಗೆ, ಊರಿಗೆ ನೀರು ಬರುವ ಕೆರೆಯ ನೀಲಿ-ಹಸಿರು ಪಾಚಿಯ ವಿಷ ಹಾಕಿತ್ತು, ನಲ್ಲಿ ನೀರಿನಲ್ಲಿ ಸಿಕ್ಕಷ್ಟೇ. ಅಲ್ಲಿ ಎಲ್ಲವೂ ಮುದುಡಿ, ಬಿಡಿಬಿಡಿಯಾಗಿ ತೇಲುತ್ತಿದ್ದವು.

"ಕುದಿಸಿ ಕುಡೀರಿ ಅಂತ ಹೇಳಿದೀವಲ್ಲ!"

"ಈ ವಿಷ ಕುದಿಸಿದ್ರೆ ಹೋಗಲ್ಲ. ಇವತ್ತೇ ನೀರು ನಿಲ್ಲಿಸಿ."

ನೀರು ನಿಂತರೆ ಕುರ್ಚಿಯೂ ಹೋಗುತ್ತದೆ. ನೀರು ಶುದ್ಧವೆಂದು ವಾರವಾರವೂ ರುಜು ಹಾಕಿದವರು ಅವರೇ. ಎಂಜಿನಿಯರರ ಮೈ ಉರಿಯಿತು. ಬಲಪಕ್ಕೆಯ ಹಳೆಯ ಹೊಲಿಗೆಯ ಜಾಗವೂ ಚುರುಕ್ಕೆಂದಿತು. ಸಿಟ್ಟು ಬಂದಾಗಲೆಲ್ಲ ಅದಕ್ಕೆ ಅದೇ ಚಾಳಿ.

"ಯಾರ ಲಿವರ್ ರೀ ಇದು? ಯಾವನೋ ಕುಡುಕಂದು ತಂದಿಟ್ಟು ನಮ್ಮ ನೀರಿನ ಮೇಲೆ ಗೂಬೆ ಕೂರಿಸ್ತೀರಾ?"

"ಕುಡುಕರದ್ದಲ್ಲ. ಗಟ್ಟಿಮುಟ್ಟಾದ ಲಿವರ್. ಆಪರೇಷನ್ ಹೊತ್ತಲ್ಲಿ ಒಂದು ಚೂರು ತಗೊಳ್ಳೋಕೆ ಅವರೇ ಬರೆದು ಕೊಟ್ಟಿದಾರೆ."

"ಯಾವ ಪುಣ್ಯಾತ್ಮ? ಹೆಸರು ಹೇಳಿ."

"ನಮಗೂ ಗೊತ್ತಿಲ್ಲ. ಆಸ್ಪತ್ರೆಯವರು ಹೆಸರು ಮುಚ್ಚಿ ಕಳಿಸ್ತಾರೆ."

"ಹಾಗಾದ್ರೆ ಕಟ್ಟುಕಥೆ. ಆ ಒಪ್ಪಿಗೆ ಪತ್ರ ತೋರಿಸಿ, ಇಲ್ಲಾ ನಿಮ್ಮ ವರದಿ ಹರಿದು ಬಿಸಾಕಿ. ನಿಮ್ಮ ಕೆಲಸ ಉಳಿಯುತ್ತೋ ಇಲ್ವೋ ನಾನು ನೋಡ್ತೀನಿ!"

ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಬೀರು ತೆರೆದು, ಕಡತವನ್ನು ಮೇಜಿನ ಮೇಲೆ ದೊಪ್ಪೆಂದು ಹಾಕಿದಳು. "ಓದಿ. ಒಂದಕ್ಷರ ಬಿಡಬೇಡಿ."

ಎಷ್ಟೋ ವರ್ಷಗಳ ಮೇಲೆ ಎಂಜಿನಿಯರ್ ಒಂದು ಕಾಗದವನ್ನು ಮೊದಲಿನಿಂದ ಓದಿದರು. ಹೆಸರಿನ ಮೇಲೆ ಕಪ್ಪು ಪಟ್ಟಿ. ಗಂಡಸು, ಐವತ್ತು ದಾಟಿದವನು. ಕುಡಿತವಿಲ್ಲ, ಸಿಗರೇಟಿಲ್ಲ. ಪಿತ್ತಕೋಶದ ಕಲ್ಲು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಮೇಲಿನ ಎಲ್ಲವನ್ನೂ ಓದಿ ತಿಳಿದು ಒಪ್ಪಿದ್ದೇನೆ ಎಂಬ ಸಾಲೂ ಇತ್ತು.

"ಓದಿ ತಿಳಿದು! ಆಸ್ಪತ್ರೇಲಿ ಯಾವನ್ರೀ ಇಷ್ಟೆಲ್ಲಾ ಓದ್ತಾನೆ?" ಅವರು ಗಹಗಹಿಸಿ ನಕ್ಕು ಪುಟ ತಿರುಗಿಸಿದರು.

ಕಪ್ಪು ಪಟ್ಟಿ ಹಚ್ಚಲು ಮರೆತ ಕೊನೆಯ ಸಾಲಿನಲ್ಲಿ ಉದ್ದನೆಯ ಬಾಲ, ಅದರ ಕೆಳಗೆ ಎರಡು ಚುಕ್ಕೆ.