ಮಂಗಳವಾರದ ಒಂಬತ್ತು ತಾಸು

ಹಳೆಯ ಸೀರೆಯಲ್ಲಿ ಸುತ್ತಿದ್ದ ಸಿಪಿಯು ಡಬ್ಬವನ್ನು ದಾನಮ್ಮ ಲಗ್ಗೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಬಸವೇಶ್ವರನಗರದ ಇಂಟರ್ನೆಟ್ ಆಫೀಸಿನಲ್ಲಿ ಮಾಲೀಕ ಕೃಷ್ಣಯ್ಯನವರ ಮೇಜಿನ ಮೇಲೆ ದೊಪ್ಪನೆ ಇಳಿಸಿದಳು. ಆಗ ಹನ್ನೆರಡೂ ಕಾಲು. ಯಾವುದೋ ದೇಶದ ಡಾಕ್ಟರು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಕೇಳಿ ಅವಳು ಟೈಪು ಮಾಡಿದ್ದ ನಲವತ್ತು ಪುಟ ಆ ಡಬ್ಬದೊಳಗಿತ್ತು. ಈಗಾಗಲೇ ಎರಡು ಸಲ ತಡವಾಗಿತ್ತು. ಇವತ್ತು ಒಂದು ಗಂಟೆಯೊಳಗೆ ಕಂಪನಿಗೆ ತಲುಪದಿದ್ದರೆ ನಾಳೆಯಿಂದ ಕೆಲಸವಿಲ್ಲ.

"ಮುಂಜಾನೆ ಫೋನಿನ್ಯಾಗ ನೀವ ಅಂದ್ರಲ್ರೀ, ಪೆಟ್ಟಿಗಿಯೊಳಗ ವೈರಸ್ ಐತಿ, ಅದ ತಾಸು ತಿನ್ನಾಕತ್ತೈತಿ ಅಂತ. ತಂದೀನಿ. ಎಲ್ಲೈತಿ ತೋರಸ್ರಿ."

ಕೃಷ್ಣಯ್ಯ ನಕ್ಕರು. "ಮೂವತ್ತು ಗಂಟೆ ಕಾರ್ಡು ಅಮ್ಮ. ಮೂವತ್ತೂ ಮುಗೀತು, ಸರ್ವರ್ ಲೈನ್ ಕಟ್ ಮಾಡಿದೆ. ಹೊಸ ಕಾರ್ಡ್ ತಗೊಳ್ಳಿ, ನಾಳೆ ಬೆಳಿಗ್ಗೆ ಆನ್ ಆಗುತ್ತೆ."

"ನಾ ಬಳಸಿದ್ದು ಇಪ್ಪತ್ತೊಂದ ತಾಸು."

"ಎಲ್ರೂ ಹಂಗೇ ಹೇಳ್ತಾರೆ. ಮನೇಲಿ ಯಾರಾದ್ರೂ ಸಿನಿಮಾ ಗಿನಿಮಾ ನೋಡಿರ್ತಾರೆ."

"ಮನಿಯಾಗ ಇರಾಕಿ ನಾ ಒಬ್ಬಾಕಿನ. ನನ್ನ ಪಗಾರ ಬರೂದ ನಿಮಿಷದ ಮ್ಯಾಲೆ ಸಾಹೇಬ್ರ. ಡಾಕ್ಟರು ಎಷ್ಟ ಸಲ ಕೆಮ್ಮಿದ್ರು ಅನ್ನೂದೂ ಗೊತ್ತೈತಿ ನನಗ. ತಾಸು ತಪ್ಪೂದಿಲ್ಲ."

ಮೂಲೆಯಲ್ಲಿ ಕೂತು ಸರ್ವರ್ ನೋಡಿಕೊಳ್ಳುತ್ತಿದ್ದ ಚೇತನಾ ಕಿಸಕ್ಕನೆ ನಕ್ಕು, ದಾನಮ್ಮನ ಹೆಸರನ್ನು ಪರದೆಯ ಮೇಲೆ ತೆರೆದಳು. "ಮೇಡಂ, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೂ ಲೈನಲ್ಲೇ ಇದ್ರಾ?"

"ಹೆಂಗ ಇರ್ಲಿ ತಂಗಿ? ಹತ್ತಕ್ಕ ಕರೆಂಟ್ ಹೋತು. ಬಂದಿದ್ದು ಸಂಜಿಗೆ. ಏಳಕ್ಕ ಮತ್ತ ಕುಂತೆ."

ಚೇತನಾಳ ಕೈ ಕೀಲಿಮಣೆಯ ಮೇಲೆ ನಿಂತಿತು. "ಸಾರ್, ತಪ್ಪು ನಂದೇ. ನಮ್ಮಲ್ಲಿ ಯುಪಿಎಸ್ ಇದೆ, ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ, ಹಂಗಾಗಿ ನಂಗೆ ಹೊಳೀಲೇ ಇಲ್ಲ. ಲಾಗೌಟ್ ಒತ್ತಿದ್ರೆ ಹೊರಟ್ರು ಅಂತ ಸರ್ವರ್‌ಗೆ ತಿಳಿಯುತ್ತೆ. ಪಟ್ ಅಂತ ಕರೆಂಟ್ ಹೋದ್ರೆ ಅದಕ್ಕೆ ಯಾರು ಹೇಳ್ತಾರೆ? ಮತ್ತೆ ಲಾಗಿನ್ ಆಗೋವರೆಗೂ ಅವರಿನ್ನೂ ಇದಾರೆ ಅಂತಾನೇ ಗಂಟೆ ಎಣಿಸ್ತಾ ಕೂತಿರುತ್ತೆ."

"ಹೇಳದ ಹೋದವ್ರ ಲೆಕ್ಕ ಹಂಗ ತಂಗಿ. ಮುಗಿಯೂದಿಲ್ಲ," ಎಂದಳು ದಾನಮ್ಮ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನನ್ನ ಒಂಬತ್ತ ತಾಸು ವಾಪಸ್ ಹಾಕು."

"ತಡಿಯಮ್ಮಾ, ಒಬ್ಬರಿಗೆ ಹಾಕಿದ್ರೆ ಎಲ್ರಿಗೂ ಹಾಕ್ಬೇಕಾಗುತ್ತೆ," ಎಂದು ಕೃಷ್ಣಯ್ಯ ಕುರ್ಚಿಯಿಂದ ಎದ್ದರು.

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಮೂವತ್ತೈದು. ದಾನಮ್ಮ ಮಾಲೀಕರ ಅಪ್ಪಣೆಗೆ ಕಾಯಲಿಲ್ಲ. ಸೀರೆಯ ಗಂಟು ಬಿಚ್ಚಿ, ಅವರ ಕಂಪ್ಯೂಟರಿನ ಹಿಂದಿನಿಂದ ಒಂದೊಂದೇ ವಯರು ಕಿತ್ತು ತನ್ನ ಡಬ್ಬಕ್ಕೆ ಸಿಕ್ಕಿಸತೊಡಗಿದಳು. ಅದನ್ನು ನೋಡಿ ಚೇತನಾ ಕೂಡ ಕಾಯಲಿಲ್ಲ. ಮಂಗಳವಾರದ ಸಾಲನ್ನು ಅರ್ಧ ಗಂಟೆಗೆ ತಿದ್ದಿದಳು. ದಾನಮ್ಮನ ಹೆಸರಿನಲ್ಲಿ ಕಟ್ಟಾಗಿದ್ದ ಲೈನು ತೆರೆಯಿತು. ಒಂದಕ್ಕೆ ಎಂಟು ನಿಮಿಷವಿದ್ದಾಗ ನಲವತ್ತು ಪುಟವೂ ಹೋಯಿತು. ತಲುಪಿದೆ ಎಂದು ಕಂಪನಿಯಿಂದ ಉತ್ತರ ಬರುವವರೆಗೂ ದಾನಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ಮೇಲೆ ಐದು ನಿಮಿಷಕ್ಕೊಂದ್ಸಲ ಇದೀರಾ ಅಂತ ಸರ್ವರೇ ಕೇಳೋ ಹಾಗೆ ಮಾಡ್ತೀನಿ," ಎಂದಳು ಚೇತನಾ. "ಆದ್ರೆ ಸಾರ್, ಮಂಗಳವಾರ ಲಗ್ಗೆರೆಯಲ್ಲಿ ಇನ್ನೂ ಮೂವತ್ತೆಂಟು ಜನದ್ದು ಗಂಟೆ ಹೀಗೇ ಓಡಿಬಿಟ್ಟಿದೆ."

"ಅವರ‍್ಯಾರೂ ಬಂದು ಕೇಳಿಲ್ವಲ್ಲ. ಬಿಡು."

ದಾನಮ್ಮ ಸೀರೆಯನ್ನು ಮತ್ತೆ ಬಿಗಿಯಾಗಿ ಗಂಟು ಹಾಕಿದಳು.

"ಹೆಂಗ ಕೇಳ್ತಾರ್ರಿ? ತಾವು ಕೆಲಸಕ್ಕ ಹೋದಾಗ ಮಕ್ಕಳು ಕದ್ದ ಕಂಪ್ಯೂಟರ್ ಮುಂದ ಕುಂತಾವ ಅಂತ ತಿಳ್ಕೊಂಡಿರ್ತಾರ. ಎಷ್ಟ ಮನಿಯಾಗ ಏಟು ಬಿದ್ದಾವೋ! ಅವನ್ನ ಹೆಂಗ ವಾಪಸ್ ಹಾಕ್ತೀರಿ?"